ಮಿದುಳಿನ ನರಜಾಲ ರೂಪಿಸುವಲ್ಲಿ ಗ್ಲಿಯಾ ಕೋಶಗಳ ಪಾತ್ರ: ಯಾವ ಸಂಧಿ ಉಳಿಯಬೇಕೆಂದು ತೀರ್ಮಾನಿಸುವವರು ಯಾರು?

ಪ್ರಶ್ನೆ: ಜೀವಶಾಸ್ತ್ರ_ಪಿಯು

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದಿನ ಪಠ್ಯದಲ್ಲಿ ನರ ಅಂಗಾಂಶದ ಕುರಿತ ಭಾಗದಲ್ಲಿ ಗ್ಲಿಯಾ ಕೋಶಗಳ ಬಗ್ಗೆ ಎರಡೇ ಮಾತುಗಳಿದ್ದವು: ಅವು ನರಕೋಶಗಳನ್ನು ರಕ್ಷಿಸಿ ಆಸರೆ ಕೊಡುತ್ತವೆ, ಮತ್ತು ನರ ಅಂಗಾಂಶದ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವುಗಳದ್ದೇ. ಈಗಲೂ ತರಗತಿಯಲ್ಲಿ ನಾನು ಅಷ್ಟನ್ನೇ ಹೇಳುತ್ತೇನೆ. ಈಚೆಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಅರ್ಧಕ್ಕಿಂತ ಹೆಚ್ಚು ಜಾಗ ಬರೀ ಆಸರೆಗೆ ಹೋಗುವುದಾದರೆ ಮಿದುಳಿನಂಥ ದುಬಾರಿ ಅಂಗ ಅಷ್ಟೊಂದು ದುಂದು ಏಕೆ ಮಾಡುತ್ತದೆ ಎಂದು ಕೇಳಿದಳು. ಸರಿಯಾದ ಪ್ರಶ್ನೆ ಎಂದು ಅನಿಸಿತು.

ಅದಾದ ಮೇಲೆ ಅಲ್ಲಿ ಇಲ್ಲಿ ಓದಿದಾಗ, ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳಿಲ್ಲದಿದ್ದರೆ ನರಕೋಶಗಳ ನಡುವೆ ಸಂಧಿಗಳೇ, ಅಂದರೆ ಸಿನಾಪ್ಸ್‌ಗಳೇ, ಸರಿಯಾಗಿ ಕೂಡುವುದಿಲ್ಲವೆಂದೂ, ಮೈಕ್ರೋಗ್ಲಿಯಾ ಎಂಬ ಇನ್ನೊಂದು ಬಗೆಯ ಕೋಶಗಳು ಬೇಡವಾದ ಸಿನಾಪ್ಸ್‌ಗಳನ್ನು ತಿಂದು ಹಾಕುತ್ತವೆಂದೂ ತಿಳಿಯಿತು. ಆದರೆ ಇವುಗಳಲ್ಲಿ ಪ್ರಯೋಗದಿಂದ ಸಿದ್ಧವಾದದ್ದು ಎಷ್ಟು, ಪತ್ರಿಕೆಗಳ ಉತ್ಪ್ರೇಕ್ಷೆ ಎಷ್ಟು ಎಂಬುದು ನನಗೆ ಬೇರ್ಪಡಿಸಿ ನೋಡಲಾಗುತ್ತಿಲ್ಲ. ಮುಖ್ಯವಾಗಿ, 'ಬೇಡವಾದ' ಸಿನಾಪ್ಸ್ ಯಾವುದೆಂದು ತೀರ್ಮಾನಿಸುವುದು ನರಕೋಶವೋ ಗ್ಲಿಯಾವೋ? ಜೊತೆಗೆ, ಗ್ಲಿಯಾ ಕೋಶಗಳು ನರಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು ಎಂದು ಹಲವು ಕಡೆ ಬರೆದಿರುತ್ತಾರೆ, ಅದು ನಿಜವೇ? ಈ ಕ್ಷೇತ್ರ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಶಸಂಗಾತಿ

ನಮಸ್ಕಾರ ಮೇಡಂ. ನಾನು ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಅಭ್ಯಾಸ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಸಂಖ್ಯೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸುಲಭ. ಹತ್ತು ಪಟ್ಟು ಎಂಬುದಕ್ಕೆ ಆಧಾರವಿಲ್ಲ. ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ-ಹೌಜೆಲ್ ಮತ್ತು ಅವರ ಸಹೋದ್ಯೋಗಿಗಳು ಮಿದುಳಿನ ಅಂಗಾಂಶವನ್ನು ಕರಗಿಸಿ, ಕೋಶಕೇಂದ್ರಗಳನ್ನು ಮಾತ್ರ ದ್ರವದಲ್ಲಿ ಸಮನಾಗಿ ತೇಲಿಸಿ ಎಣಿಸುವ ವಿಧಾನವನ್ನು ರೂಪಿಸಿದರು. 2009ರಲ್ಲಿ ಆ ತಂಡ ಮನುಷ್ಯರ ಮಿದುಳುಗಳನ್ನು ಹೀಗೆ ಎಣಿಸಿದಾಗ ಸರಾಸರಿ 8,600 ಕೋಟಿ ನರಕೋಶಗಳೂ, ಸುಮಾರು 8,500 ಕೋಟಿ ಇತರ ಕೋಶಗಳೂ ಸಿಕ್ಕವು. ಆ ಇತರ ಕೋಶಗಳಲ್ಲಿ ರಕ್ತನಾಳದ ಕೋಶಗಳೂ ಸೇರಿರುವುದರಿಂದ, ಗ್ಲಿಯಾ ಕೋಶಗಳ ಸಂಖ್ಯೆ ನರಕೋಶಗಳಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ಆದರೆ ಹಂಚಿಕೆ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಹಿಂಬದಿಯ ಕಿರುಮಿದುಳಿನಲ್ಲಿ ಪುಟ್ಟ ಪುಟ್ಟ ನರಕೋಶಗಳು ಕಿಕ್ಕಿರಿದಿದ್ದು ಗ್ಲಿಯಾ ಕಡಿಮೆ ಇವೆ. ಮಿದುಳಿನ ಹೊರಪದರವನ್ನೂ ಅದರಡಿಯ ಬಿಳಿ ಭಾಗವನ್ನೂ ಸೇರಿಸಿ ನೋಡಿದರೆ ಗ್ಲಿಯಾ ಕೋಶಗಳೇ ಮೂರೂವರೆ ಪಟ್ಟಿಗಿಂತ ಹೆಚ್ಚು.

ಇನ್ನು ಸಿನಾಪ್ಸ್ ಕೂಡುವ ವಿಷಯ. ಇಲ್ಲಿ ಮುಖ್ಯವಾಗಿ ನೆನೆಯಬೇಕಾದ ಹೆಸರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಬೆನ್ ಬ್ಯಾರೆಸ್ ಅವರದು. ಅವರಿಗೂ ಮೊದಲು ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವವರು ಗ್ಲಿಯಾ ಕೋಶಗಳ ಹಾಸಿನ ಮೇಲೆಯೇ ಬೆಳೆಸುತ್ತಿದ್ದರು. ಹಾಗೆ ಮಾಡದಿದ್ದರೆ ನರಕೋಶಗಳು ಸಾಯುತ್ತಿದ್ದವು. ಆದ್ದರಿಂದ ಗ್ಲಿಯಾ ಇಲ್ಲದಾಗ ಏನಾಗುತ್ತದೆಂಬ ಪ್ರಶ್ನೆಯನ್ನು ಕೇಳಲಿಕ್ಕೇ ಸಾಧ್ಯವಿರಲಿಲ್ಲ. ಬ್ಯಾರೆಸ್ ಇಲಿಯ ಅಕ್ಷಿಪಟಲದಿಂದ ಮಿದುಳಿಗೆ ತಂತು ಕಳಿಸುವ ಗ್ಯಾಂಗ್ಲಿಯಾನ್ ಕೋಶಗಳನ್ನು ಮಾತ್ರ ಬೇರ್ಪಡಿಸುವ ವಿಧಾನವನ್ನು ಕಂಡುಕೊಂಡರು. ಆ ಕೋಶದ ಮೇಲ್ಮೈಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ತಟ್ಟೆಗೆ ಲೇಪಿಸಿ, ಅಕ್ಷಿಪಟಲದ ಬಿಡಿಬಿಡಿಯಾಗಿಸಿದ ಕೋಶಗಳನ್ನೆಲ್ಲ ಅದರ ಮೇಲೆ ಸುರಿದು, ಅಂಟದೆ ಉಳಿದವನ್ನು ತೊಳೆದು ತೆಗೆಯುವುದು ಆ ವಿಧಾನ. ಜೊತೆಗೆ ಅಗತ್ಯ ಬೆಳವಣಿಗೆ ಅಂಶಗಳನ್ನು ದ್ರವದಲ್ಲೇ ಒದಗಿಸಿದ್ದರಿಂದ ನರಕೋಶಗಳು ಒಂಟಿಯಾಗಿಯೇ ವಾರಗಟ್ಟಲೆ ಬದುಕಿದವು.

ಹಾಗೆ ಬದುಕಿದ ಕೋಶಗಳು ಸಂಕೇತ ಕಳಿಸುವ ಉದ್ದನೆಯ ತಂತುವಾದ ಆಕ್ಸಾನ್ ಚಾಚಿದವು, ಸಂಕೇತ ಪಡೆಯುವ ಕವಲೊಡೆದ ಡೆಂಡ್ರೈಟ್‌ಗಳನ್ನು ಬೆಳೆಸಿದವು, ಮುಳ್ಳಿನಂಥ ವಿದ್ಯುದ್ವಾರದಿಂದ ಚುಚ್ಚಿ ಪರೀಕ್ಷಿಸಿದರೆ ಸಂಕೇತವನ್ನೂ ಸರಿಯಾಗಿಯೇ ಹೊಮ್ಮಿಸಿದವು. ಆದರೆ ಒಂದರ ಸಂಕೇತ ಇನ್ನೊಂದಕ್ಕೆ ದಾಟುತ್ತಿದ್ದದ್ದು ತೀರಾ ವಿರಳ. 1997ರಲ್ಲಿ ಫ್ರೀಗರ್ ಮತ್ತು ಬ್ಯಾರೆಸ್ ಇದನ್ನು ಪ್ರಕಟಿಸಿದರು. ಅದೇ ತಟ್ಟೆಗೆ ಗ್ಲಿಯಾ ಕೋಶಗಳನ್ನು ಸೇರಿಸಿದಾಗ, ಅಥವಾ ಗ್ಲಿಯಾ ಬೆಳೆದಿದ್ದ ದ್ರವವನ್ನು ಮಾತ್ರ ಹಾಕಿದಾಗಲೂ, ಸಂಕೇತ ದಾಟುವುದು ಎಷ್ಟೋ ಪಟ್ಟು ಹೆಚ್ಚಿತು. 2001ರಲ್ಲಿ ಅದೇ ಪ್ರಯೋಗಾಲಯದ ಉಲಿಯನ್ ಮತ್ತು ಸಂಗಡಿಗರು, ಆಸ್ಟ್ರೋಸೈಟ್‌ಗಳ ಸಹವಾಸದಲ್ಲಿ ಕೆಲಸ ಮಾಡಬಲ್ಲ ಸಿನಾಪ್ಸ್‌ಗಳ ಸಂಖ್ಯೆ ಸುಮಾರು ಏಳು ಪಟ್ಟು ಏರುತ್ತದೆಂದೂ, ಆಸ್ಟ್ರೋಸೈಟ್‌ಗಳನ್ನು ತೆಗೆದುಬಿಟ್ಟರೆ ಕೂಡಿದ್ದ ಸಿನಾಪ್ಸ್‌ಗಳು ಉಳಿಯುವುದಿಲ್ಲವೆಂದೂ ತೋರಿಸಿದರು. ತಟ್ಟೆಯ ಮಾತು ಜೀವಂತ ಮಿದುಳಿಗೂ ಹೊಂದುತ್ತದೆಯೇ ಎಂದು ನೀವು ಕೇಳಬಹುದು. ಅಲ್ಲಿಯೂ ಕಾಲದ ಹೊಂದಾಣಿಕೆ ಕಾಣುತ್ತದೆ: ಇಲಿಯಲ್ಲಿ ಕಣ್ಣಿನ ತಂತುಗಳು ಜನನಕ್ಕೆ ಮುಂಚೆಯೇ ಮಿದುಳಿನ ಗುರಿಯನ್ನು ಮುಟ್ಟಿರುತ್ತವೆ, ಆದರೆ ಬಹುಪಾಲು ಸಿನಾಪ್ಸ್‌ಗಳು ಮೂಡುವುದು ಹುಟ್ಟಿದ ಮೇಲೆ, ಆಸ್ಟ್ರೋಸೈಟ್‌ಗಳು ಆ ಜಾಗದಲ್ಲಿ ಕಾಣಿಸಿಕೊಂಡ ನಂತರವೇ. ತಂತು ಬಂದು ಕಾದಿರುತ್ತದೆ, ಸಂಧಿ ಮಾತ್ರ ಕೂಡಿರುವುದಿಲ್ಲ.

ಆ ದ್ರವದಲ್ಲಿ ಏನಿತ್ತು ಎಂಬ ಹುಡುಕಾಟ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸೊಗಸಾದ ಭಾಗ. 2005ರಲ್ಲಿ ಸಿಕ್ಕ ಮೊದಲ ಪ್ರೋಟೀನ್ ಥ್ರಾಂಬೋಸ್ಪಾಂಡಿನ್. ರಕ್ತದ ಪ್ಲೇಟ್‌ಲೆಟ್‌ಗಳ ಅಧ್ಯಯನದಿಂದ ಆಗಲೇ ಪರಿಚಿತವಾಗಿದ್ದ ಪ್ರೋಟೀನ್ ಅದು. ಅದನ್ನು ಶುದ್ಧ ರೂಪದಲ್ಲಿ ಹಾಕಿದಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಿನಾಪ್ಸ್‌ಗಳು ಎಲ್ಲ ರೀತಿಯಲ್ಲೂ ಸಹಜವಾಗಿಯೇ ಕಂಡವು, ಆದರೆ ಅವು ಮೂಕವಾಗಿದ್ದವು. ಸಂಕೇತ ಪಡೆಯುವ ಬದಿಯಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹಿಡಿಯುವ ಆಂಪಾ ಗ್ರಾಹಕಗಳು ಇರಲಿಲ್ಲ. ಆ ಗ್ರಾಹಕಗಳನ್ನು ಮೇಲ್ಮೈಗೆ ಕರೆಸುವ ಕೆಲಸ ಆಸ್ಟ್ರೋಸೈಟ್‌ಗಳೇ ಸ್ರವಿಸುವ ಗ್ಲೈಪಿಕಾನ್ 4 ಮತ್ತು 6 ಎಂಬ ಬೇರೆ ಪ್ರೋಟೀನ್‌ಗಳದ್ದೆಂದು 2012ರಲ್ಲಿ ಗೊತ್ತಾಯಿತು. ಈ ಮಧ್ಯೆ 2011ರಲ್ಲಿ ಇನ್ನೊಂದು ಸಂಗತಿ ಬಂತು: ಆಸ್ಟ್ರೋಸೈಟ್ ಸ್ರವಿಸುವ ಹೆವಿನ್ ಎಂಬ ಪ್ರೋಟೀನ್ ಸಿನಾಪ್ಸ್ ಕೂಡಿಸುತ್ತದೆ, ಅದರ ಹತ್ತಿರದ ಸಂಬಂಧಿಯಾದ ಸ್ಪಾರ್ಕ್ ಎಂಬುದು ಹೆವಿನ್‌ನ ಆ ಕೆಲಸವನ್ನೇ ತಡೆಯುತ್ತದೆ, ಮತ್ತು ಎರಡನ್ನೂ ಅದೇ ಜಾತಿಯ ಕೋಶವೇ ತಯಾರಿಸುತ್ತದೆ. ಅಂದರೆ ಸಂಧಿಯ ರಚನೆ, ಅದು ಮಾತಾಡತೊಡಗುವ ಗಳಿಗೆ, ಅದರ ಮಿತಿ, ಈ ಮೂರಕ್ಕೂ ಆಸ್ಟ್ರೋಸೈಟ್ ಪ್ರತ್ಯೇಕ ಸಂದೇಶಗಳನ್ನು ಇಟ್ಟುಕೊಂಡಿದೆ. ನಿಮ್ಮ ವಿದ್ಯಾರ್ಥಿನಿ ಕೇಳಿದ ದುಂದಿನ ಪ್ರಶ್ನೆಗೆ ಇದು ಒಂದು ಭಾಗದ ಉತ್ತರವಾದೀತು.

ತಿನ್ನುವ ವಿಷಯವನ್ನು ಅದರಲ್ಲೇ ಕೆಲಸ ಮಾಡುವವರು ಹೇಳಲಿ ಎಂದು ಬಿಡುತ್ತೇನೆ.

ಉತ್ತರ: ಇಲಿಮರಿ_ಅಧ್ಯಯನ

ಮೇಡಂ, ಯಾವುದು ಉಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಲು ಮಿದುಳಿನ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಬಂದಿರುವುದು ಅಲ್ಲಿಂದಲೇ. ಕಣ್ಣಿನಿಂದ ಹೊರಟ ತಂತುಗಳು ಮಿದುಳಿನ ನಡುವೆ ಇರುವ ಥಲಾಮಸ್‌ನ ಒಂದು ಪುಟ್ಟ ಕೇಂದ್ರವನ್ನು ತಲುಪುತ್ತವೆ. ಬೆಳೆದ ಇಲಿಯಲ್ಲಿ ಅಲ್ಲಿ ಎಡಗಣ್ಣಿನ ಪ್ರದೇಶ ಬೇರೆ, ಬಲಗಣ್ಣಿನ ಪ್ರದೇಶ ಬೇರೆ. ಆದರೆ ಆಗಷ್ಟೇ ಹುಟ್ಟಿದ ಮರಿಯಲ್ಲಿ ಎರಡೂ ಕಣ್ಣುಗಳ ತಂತುಗಳು ಒಂದರ ಮೇಲೊಂದು ಹರಡಿಕೊಂಡು ಬೇಕಾದಕ್ಕಿಂತ ಹೆಚ್ಚು ಸಿನಾಪ್ಸ್‌ಗಳನ್ನು ಮಾಡಿಕೊಂಡಿರುತ್ತವೆ. ಮುಂದಿನ ಒಂದು ವಾರದಲ್ಲಿ ಹೆಚ್ಚಿನವು ಹಿಂದೆ ಸರಿದು ಪ್ರದೇಶಗಳು ಬೇರ್ಪಡುತ್ತವೆ. ಆ ನಂತರವೂ ಒಂದೊಂದು ಕೋಶಕ್ಕೆ ಬರುತ್ತಿದ್ದ ಹತ್ತಾರು ತಂತುಗಳಲ್ಲಿ ಕೆಲವೇ ಕೆಲವು ಬಲವಾದವು ಉಳಿಯುತ್ತವೆ. ಇಲಿಮರಿ ಕಣ್ಣು ತೆರೆಯುವುದು ಎರಡು ವಾರಕ್ಕೆ. ಅಂದರೆ ಈ ಮೊದಲ ಸವರುವಿಕೆ, ಹೆಚ್ಚುವರಿ ಸಂಧಿಗಳನ್ನು ಕತ್ತರಿಸಿ ತೆಗೆಯುವ ಕೆಲಸ, ನಡೆಯುವುದು ಅದು ಇನ್ನೂ ಏನನ್ನೂ ನೋಡಿರದ ಹೊತ್ತಿನಲ್ಲಿ. ಆಗ ಅಕ್ಷಿಪಟಲದಲ್ಲಿ ತಾನೇ ತಾನಾಗಿ ಏಳುವ ವಿದ್ಯುತ್ ಚಟುವಟಿಕೆಯ ಅಲೆಗಳು ಮಾತ್ರ ಇರುತ್ತವೆ.

2007ರಲ್ಲಿ ಬೆತ್ ಸ್ಟೀವನ್ಸ್, ಬ್ಯಾರೆಸ್ ಅವರ ಪ್ರಯೋಗಾಲಯದಲ್ಲಿದ್ದಾಗ, ಯಾರೂ ನಿರೀಕ್ಷಿಸದ ಒಂದು ಸಂಗತಿಯನ್ನು ಪ್ರಕಟಿಸಿದರು. ಸೋಂಕು ತಂದ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ಇದನ್ನು ನುಂಗಿ ಎಂದು ಭಕ್ಷಕ ಕೋಶಗಳಿಗೆ ಗುರುತು ಹಾಕಿಕೊಡುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳ ಬಗ್ಗೆ ನೀವು ರೋಗನಿರೋಧಕ ವ್ಯವಸ್ಥೆಯ ಪಾಠದಲ್ಲಿ ಹೇಳಿರುತ್ತೀರಿ. ಅವುಗಳಲ್ಲಿ ಸಿ1ಕ್ಯೂ ಮತ್ತು ಸಿ3 ಎಂಬವು ಬೆಳೆಯುತ್ತಿರುವ ಮಿದುಳಿನ ಸಿನಾಪ್ಸ್‌ಗಳ ಮೇಲೂ ಇದ್ದವು. ಇವನ್ನು ತಯಾರಿಸುವ ಜೀನ್ ಇಲ್ಲದ ಇಲಿಗಳಲ್ಲಿ ಎರಡು ಕಣ್ಣುಗಳ ಪ್ರದೇಶಗಳು ಸರಿಯಾಗಿ ಬೇರ್ಪಡಲಿಲ್ಲ, ಹೆಚ್ಚುವರಿ ಸಿನಾಪ್ಸ್‌ಗಳು ಹಾಗೆಯೇ ಉಳಿದವು. ಅಷ್ಟರಲ್ಲಿ ಮೈಕ್ರೋಗ್ಲಿಯಾ ಬಗ್ಗೆಯೂ ಅಭಿಪ್ರಾಯ ಬದಲಾಗಿತ್ತು. ಸ್ಪೇನಿನ ಪಿಯೋ ಡೆಲ್ ರಿಯೋ ಹೋರ್ತೆಗಾ 1919ರಲ್ಲಿ ಇವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ ಮೇಲೆ ಬಹುಕಾಲ, ಗಾಯವೋ ಸೋಂಕೋ ಆಗುವವರೆಗೆ ಇವು ಸುಮ್ಮನಿರುತ್ತವೆ ಎಂದೇ ನಂಬಿದ್ದರು. 2005ರಲ್ಲಿ ಜೀವಂತ ಇಲಿಯ ತಲೆಬುರುಡೆಯನ್ನು ಒಂದು ಕಡೆ ತೆಳ್ಳಗೆ ತೇದು, ಅದರ ಮೂಲಕ ಲೇಸರ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಯಾವ ಗಾಯವೂ ಇಲ್ಲದ ಮಿದುಳಿನಲ್ಲೇ ಮೈಕ್ರೋಗ್ಲಿಯಾದ ಎಳೆಗಳು ನಿಮಿಷ ನಿಮಿಷಕ್ಕೂ ಚಾಚಿ ಹಿಂದೆಗೆದು ಸುತ್ತಲಿನದನ್ನೆಲ್ಲ ತಡವುತ್ತಿದ್ದವು. ಅಂದಹಾಗೆ ಇವು ಹುಟ್ಟಿನಿಂದ ಮಿದುಳಿನವಲ್ಲ. ಭ್ರೂಣದ ಅಂಡಪೀತ ಚೀಲದಲ್ಲಿ ಹುಟ್ಟಿ, ರಕ್ತದ ಮೂಲಕ ಬಹಳ ಬೇಗ ಬಂದು ಮಿದುಳಿನಲ್ಲಿ ನೆಲೆಸುವ, ಭಕ್ಷಕ ಕೋಶಗಳ ವಂಶದವು. ಕಾಂಪ್ಲಿಮೆಂಟ್‌ನ ಗುರುತನ್ನು ಓದಬಲ್ಲ ಗ್ರಾಹಕ ಇವುಗಳಲ್ಲಿ ಇರುವುದು ಅದಕ್ಕೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. 2012ರಲ್ಲಿ ಡೊರೋಥಿ ಷೇಫರ್ ಮತ್ತು ಸ್ಟೀವನ್ಸ್ ಅವರ ತಂಡ ಇಲಿಮರಿಯ ಎರಡು ಕಣ್ಣುಗಳಿಗೆ ಎರಡು ಬೇರೆ ಬಣ್ಣದ ವರ್ಣದ್ರವ್ಯಗಳನ್ನು ಚುಚ್ಚಿದರು. ಬಣ್ಣ ತಂತುವಿನುದ್ದಕ್ಕೂ ಹರಿದು ಥಲಾಮಸ್‌ನ ತುದಿಗಳನ್ನು ತಲುಪಿತು. ಮರಿಗೆ ಐದು ದಿನ ಆಗಿರುವ ಹೊತ್ತಿಗೆ ಮೈಕ್ರೋಗ್ಲಿಯಾದ ಒಳಗೆ, ಅದೂ ಜೀರ್ಣಿಸುವ ಲೈಸೋಸೋಮ್‌ಗಳಲ್ಲಿ, ಆ ಬಣ್ಣದ ಚೂರುಗಳು ಕಂಡವು. ಮುಂದಿನ ಹೆಜ್ಜೆ ನಿರ್ಣಾಯಕ: ಒಂದು ಕಣ್ಣಿಗೆ ಟೆಟ್ರೋಡೋಟಾಕ್ಸಿನ್ ಎಂಬ ವಿಷ ಕೊಟ್ಟು ಅದರ ವಿದ್ಯುತ್ ಚಟುವಟಿಕೆಯನ್ನು ನಿಲ್ಲಿಸಿದಾಗ, ಮೈಕ್ರೋಗ್ಲಿಯಾ ನುಂಗಿದ್ದರಲ್ಲಿ ಆ ಕಣ್ಣಿನ ತಂತುಗಳ ಪಾಲು ಹೆಚ್ಚಾಯಿತು. ಸಿ3ಯನ್ನಾಗಲಿ ಅದರ ಗುರುತನ್ನು ಓದುವ ಗ್ರಾಹಕವನ್ನಾಗಲಿ ತೆಗೆದರೆ ನುಂಗುವುದೇ ಕಡಿಮೆಯಾಯಿತು. ಹೀಗಾಗಿ ಆಯ್ಕೆಯ ಆಧಾರ ನರಕೋಶಗಳ ನಡುವಿನ ಸ್ಪರ್ಧೆ. ಯಾವ ತಂತು ಹೆಚ್ಚು ಚಟುವಟಿಕೆಯಿಂದಿದೆ ಎಂಬುದು. ಆ ಆಯ್ಕೆಯನ್ನು ಜಾರಿಗೆ ತರುವುದು ಗ್ಲಿಯಾ. ಆದರೂ ಗ್ಲಿಯಾವನ್ನು ಬರೀ ಆಜ್ಞಾಪಾಲಕ ಎನ್ನಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಅಕ್ಷಿಪಟಲದ ನರಕೋಶಗಳಲ್ಲಿ ಸಿ1ಕ್ಯೂ ಹೆಚ್ಚುವಂತೆ ಮಾಡುವ ಸಂದೇಶ ಕೂಡ ಆಸ್ಟ್ರೋಸೈಟ್‌ಗಳಿಂದ ಬರುತ್ತದೆ. ಸವರುವ ಕಾಲ ಯಾವಾಗ ಬರಬೇಕು ಎಂಬುದರಲ್ಲಿ ಗ್ಲಿಯಾದ ಕೈ ಇದೆ. ಆ ಕಾಲ ಬಂದಾಗ ಯಾವುದು ಹೋಗಬೇಕು ಎಂಬುದರಲ್ಲಿ ನರಕೋಶಗಳ ಚಟುವಟಿಕೆಯ ಕೈ ದೊಡ್ಡದು.

ಆಸ್ಟ್ರೋಸೈಟ್‌ಗಳೂ ನುಂಗುತ್ತವೆ. 2013ರಲ್ಲಿ ಇದೇ ಥಲಾಮಸ್ ಕೇಂದ್ರದಲ್ಲಿ, ಮೆಗ್‌ಎಫ್10 ಮತ್ತು ಮರ್‌ಟಿಕೆ ಎಂಬ ಎರಡು ಗ್ರಾಹಕಗಳ ಮೂಲಕ ಅವು ಸಿನಾಪ್ಸ್ ಚೂರುಗಳನ್ನು ಒಳಗೆಳೆದುಕೊಳ್ಳುತ್ತವೆಂದೂ, ಬೆಳೆದ ಮಿದುಳಿನಲ್ಲಿ ಕೂಡ ಅದು ನಡೆಯುತ್ತಲೇ ಇರುತ್ತದೆಂದೂ ತಿಳಿಯಿತು. ಇದಕ್ಕೆ ಎದುರಾಗಿ, ನನ್ನನ್ನು ಬಿಡು ಎಂದು ಹೇಳುವ ಗುರುತೂ ಇದೆ: ಸಿಡಿ47 ಎಂಬ ಪ್ರೋಟೀನ್ ಇರುವ ಸಿನಾಪ್ಸ್‌ಗಳನ್ನು ಮೈಕ್ರೋಗ್ಲಿಯಾ ಅತಿಯಾಗಿ ಸವರುವುದಿಲ್ಲ ಎಂದು 2018ರಲ್ಲಿ ಪ್ರಕಟವಾಯಿತು.

ಉತ್ತರ: ಸೂಕ್ಷ್ಮದರ್ಶಿ

ಮೇಲಿನ ಇಬ್ಬರೂ ಹೇಳಿದ್ದರಲ್ಲಿ ತಕರಾರಿಲ್ಲ. ಆದರೆ ತರಗತಿಗೆ ಒಯ್ಯುವ ಮೊದಲು 'ತಿನ್ನುತ್ತದೆ' ಎಂಬ ಕ್ರಿಯಾಪದವನ್ನು ಸ್ವಲ್ಪ ತಡೆದು ನೋಡಬೇಕೆಂದು ನನ್ನ ಕೋರಿಕೆ.

ಮೈಕ್ರೋಗ್ಲಿಯಾದ ಒಳಗೆ ಸಿನಾಪ್ಸ್‌ನ ಚೂರು ಸಿಕ್ಕಿತು ಎಂಬ ಪುರಾವೆಗಳಲ್ಲಿ ಹೆಚ್ಚಿನವು ಸತ್ತ ಅಂಗಾಂಶದ ತೆಳು ಹೋಳುಗಳಿಂದ ಬಂದ ಸ್ಥಿರ ಚಿತ್ರಗಳು. ಕೋಳಿಯ ಹೊಟ್ಟೆಯಲ್ಲಿ ಭತ್ತ ಸಿಕ್ಕ ಮಾತ್ರಕ್ಕೆ ಅದು ಕಣಜಕ್ಕೆ ಬಾಯಿ ಹಾಕಿತೋ, ಅಂಗಳದಲ್ಲಿ ಚೆಲ್ಲಿದ್ದನ್ನು ಹೆಕ್ಕಿತೋ ಗೊತ್ತಾಗುವುದಿಲ್ಲವಷ್ಟೆ. ನರಕೋಶವೇ ಸಿನಾಪ್ಸನ್ನು ಕಳಚಿ ಬಿಟ್ಟಿದ್ದು, ಮೈಕ್ರೋಗ್ಲಿಯಾ ಅದನ್ನು ಗುಡಿಸಿಕೊಂಡಿರಲೂಬಹುದು. ಇದನ್ನು ಬಗೆಹರಿಸಬೇಕಾದರೆ ನುಂಗುವ ಗಳಿಗೆಯನ್ನೇ ನೋಡಬೇಕು. ಹಾಗೆ ನೋಡಲು ಹೊರಟ ವೈನ್‌ಹಾರ್ಡ್ ಮತ್ತು ಸಂಗಡಿಗರು 2018ರಲ್ಲಿ ಇಲಿಯ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೋಕ್ಯಾಂಪಸ್‌ನಲ್ಲಿ ಕಂಡದ್ದು ಹೀಗೆ: ಮೈಕ್ರೋಗ್ಲಿಯಾ ಸಂಕೇತ ಕಳಿಸುವ ಬದಿಯಿಂದ, ಅಂದರೆ ಆಕ್ಸಾನ್ ತುದಿಯಿಂದ, ಚಿಕ್ಕ ಚಿಕ್ಕ ತುಣುಕುಗಳನ್ನು ಕಚ್ಚಿ ತೆಗೆಯುತ್ತಿದ್ದವು, ಸಂಕೇತ ಪಡೆಯುವ ಬದಿಯ ಡೆಂಡ್ರೈಟ್ ಮುಳ್ಳುಗಳನ್ನು ಇಡಿಯಾಗಿ ನುಂಗಿದ್ದು ಒಮ್ಮೆಯೂ ಕಾಣಲಿಲ್ಲ. ಬದಲಿಗೆ ಮೈಕ್ರೋಗ್ಲಿಯಾ ತಾಕಿದ ಕಡೆ ಆ ಮುಳ್ಳುಗಳಿಂದ ಹೊಸ ಎಳೆ ಚಿಗುರಿದ ನಿದರ್ಶನಗಳಿದ್ದವು. ಅಂದರೆ ಅದೇ ಕೋಶ ಸಿನಾಪ್ಸ್ ಬೆಳೆಯಲೂ ನೆರವಾಗುತ್ತಿರಬಹುದು. ಎಳೆಯ ಇಲಿಯ ಮಿದುಳಿನ ಹೊರಪದರದಲ್ಲಿಯೂ ಮೈಕ್ರೋಗ್ಲಿಯಾ ತಾಕಿದಾಗ ಹೊಸ ಮುಳ್ಳು ಮೂಡುವುದನ್ನು 2016ರಲ್ಲಿ ಬೇರೊಂದು ತಂಡ ವರದಿ ಮಾಡಿತ್ತು.

ಎರಡನೆಯದಾಗಿ, ಥಲಾಮಸ್‌ನ ನಿಯಮವನ್ನು ಇಡೀ ಮಿದುಳಿಗೆ ಹೊಂದಿಸುವುದು ಸರಿಯಲ್ಲ. ಸ್ಟೀವನ್ಸ್ ಅವರೂ ಭಾಗಿಯಾಗಿದ್ದ 2020ರ ಒಂದು ಅಧ್ಯಯನದಲ್ಲಿ, ಸಿ1ಕ್ಯೂ ಇಲ್ಲದ ಇಲಿಗಳ ಮಿದುಳಿನ ಹೊರಪದರದಲ್ಲಿ ನೋಟವನ್ನು ನಿಭಾಯಿಸುವ ಭಾಗವಾದ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ಒಂದು ಕಣ್ಣು ಮುಚ್ಚಿದಾಗ ಆಗಬೇಕಾದ ಬದಲಾವಣೆ, ಅಂದರೆ ಮುಚ್ಚಿದ ಕಣ್ಣಿನ ಪಾಲು ಕುಗ್ಗುವುದು, ಮಾಮೂಲಿನಂತೆಯೇ ಆಯಿತು. ಥಲಾಮಸ್‌ನಲ್ಲಿ ಅಷ್ಟು ಮುಖ್ಯವಾಗಿದ್ದ ಪ್ರೋಟೀನ್, ಅದೇ ದೃಷ್ಟಿಮಾರ್ಗದ ಮುಂದಿನ ನಿಲ್ದಾಣದಲ್ಲಿ ಅನಿವಾರ್ಯವಾಗಿರಲಿಲ್ಲ. ಇಂಥ ಫಲಿತಾಂಶಗಳು ಸುದ್ದಿಯಾಗುವುದು ಕಡಿಮೆ.

ಮೂರನೆಯದು ಕಾಯಿಲೆಗಳ ಮಾತು. 2016ರಲ್ಲಿ ಸಿ4 ಎಂಬ ಕಾಂಪ್ಲಿಮೆಂಟ್ ಜೀನ್‌ನ ಕೆಲವು ರೂಪಗಳು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತವೆ ಎಂದು ಪ್ರಕಟವಾದಾಗ, ಹದಿಹರೆಯದಲ್ಲಿ ಮೈಕ್ರೋಗ್ಲಿಯಾ ಅತಿಯಾಗಿ ತಿನ್ನುವುದೇ ಆ ಕಾಯಿಲೆ ಎಂಬಂತೆ ಹಲವರು ಬರೆದರು. ಆ ಸಂಶೋಧನೆಯ ಮಟ್ಟಿಗೆ ಅದು ಗಟ್ಟಿ ಕೆಲಸವೇ. ಇಲಿಗಳಲ್ಲಿ ಸಿ4 ಕೂಡ ಸಿನಾಪ್ಸ್ ಸವರುವಿಕೆಯಲ್ಲಿ ಪಾಲುಗೊಳ್ಳುತ್ತದೆಂದು ಅದು ತೋರಿಸಿತು. ಆದರೆ ಆ ಜೀನ್‌ನಿಂದ ಒಬ್ಬ ವ್ಯಕ್ತಿಗೆ ಬರುವ ಹೆಚ್ಚುವರಿ ಅಪಾಯ ಅಲ್ಪ, ಮತ್ತು ಸ್ಕಿಜೋಫ್ರೇನಿಯಾಗೆ ಸಂಬಂಧಿಸಿದ ಜೀನ್ ತಾಣಗಳು ನೂರಕ್ಕೂ ಹೆಚ್ಚು ಇವೆ. ಹದಿನಾರು ಹದಿನೇಳರ ಮಕ್ಕಳ ಮುಂದೆ ಈ ಮಾತಾಡುವಾಗ ಎಚ್ಚರ ಬೇಕು. ಅವರ ಮನೆಗಳಲ್ಲೂ ಆ ಕಾಯಿಲೆ ಇರುವವರು ಇರಬಹುದು.

ಉತ್ತರ: ಮಕ್ಕಳ_ಕಣ್ಣಿನ_ವೈದ್ಯ

ನಾನು ಸಂಶೋಧಕನಲ್ಲ, ಆದರೆ ಈ ಚರ್ಚೆ ನನ್ನ ದಿನನಿತ್ಯದ ಕೆಲಸಕ್ಕೆ ತೀರಾ ಹತ್ತಿರವಾಗಿರುವುದರಿಂದ ಸೇರಿಕೊಳ್ಳುತ್ತಿದ್ದೇನೆ.

ನಾಲ್ಕೈದು ವರ್ಷದ ಮಗುವಿನ ಒಂದು ಕಣ್ಣಿನ ಪವರ್ ಇನ್ನೊಂದಕ್ಕಿಂತ ಬಹಳ ಬೇರೆಯಾಗಿದ್ದರೆ, ಅಥವಾ ಒಂದು ಕಣ್ಣು ಓರೆಯಾಗಿದ್ದರೆ, ಮಿದುಳು ಒಳ್ಳೆಯ ಕಣ್ಣಿನ ಸಂಕೇತವನ್ನೇ ನೆಚ್ಚಿಕೊಂಡು ಇನ್ನೊಂದನ್ನು ಬದಿಗೆ ಸರಿಸುತ್ತದೆ. ನಾವು ಇದನ್ನು ಸೋಮಾರಿ ಕಣ್ಣು ಎನ್ನುತ್ತೇವೆ. ಕಣ್ಣನ್ನು ಪರೀಕ್ಷಿಸಿದರೆ ಮಸೂರ, ಅಕ್ಷಿಪಟಲ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಸರಿಯಾದ ಕನ್ನಡಕ ಹಾಕಿದರೂ ಆ ಕಣ್ಣಿಗೆ ಕೆಳಗಿನ ಸಾಲುಗಳು ಕಾಣುವುದಿಲ್ಲ. ಆಗ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸುತ್ತೇವೆ, ಇಲ್ಲವೇ ಅಟ್ರೋಪಿನ್ ಹನಿ ಹಾಕಿ ಅದರ ನೋಟ ಮಬ್ಬಾಗಿಸುತ್ತೇವೆ. ಅಜ್ಜಿಯಂದಿರು ಪಟ್ಟಿ ಕಿತ್ತುಹಾಕಿ, ಚೆನ್ನಾಗಿರುವ ಕಣ್ಣನ್ನೇ ಯಾಕೆ ಮುಚ್ಚುತ್ತೀರಿ ಎಂದು ಜಗಳಕ್ಕೆ ಬರುವುದು ಮಾಮೂಲು. ಏಳು ವರ್ಷದೊಳಗೆ ಶುರು ಮಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಅದಾದ ಮೇಲೂ ಕೆಲವರಲ್ಲಿ ಸುಧಾರಣೆ ಕಾಣುತ್ತದೆ, ಆದರೆ ವಯಸ್ಸಾದಂತೆ ಕಷ್ಟ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ತೋರಿಸಿದ್ದು ಇದೇ ಕಾಲಮಿತಿಯನ್ನು. ಅವರಿಗೆ 1981ರಲ್ಲಿ ನೊಬೆಲ್ ಬಂತು.

ಆ ಕಾಲಾವಕಾಶದ ಕಿಟಕಿ ಮುಚ್ಚುವುದು ಏಕೆ ಎಂಬಲ್ಲಿ ಗ್ಲಿಯಾ ಬರುತ್ತದೆ. 1989ರಲ್ಲಿ ಮುಲ್ಲರ್ ಮತ್ತು ಬೆಸ್ಟ್ ಎಂಬ ಜರ್ಮನ್ ಸಂಶೋಧಕರು ಎಳೆಯ ಆಸ್ಟ್ರೋಸೈಟ್‌ಗಳನ್ನು ಬೆಳೆದ ಬೆಕ್ಕುಗಳ ದೃಷ್ಟಿ ಕಾರ್ಟೆಕ್ಸ್‌ಗೆ ಕಸಿ ಮಾಡಿದಾಗ, ಮುಗಿದುಹೋಗಿದ್ದ, ನೋಟದ ಅನುಭವಕ್ಕೆ ತಕ್ಕಂತೆ ಬದಲಾಗುವ ಗುಣ ಮತ್ತೆ ಕಾಣಿಸಿಕೊಂಡಿತು. ನರಕೋಶಗಳು ಹಳೆಯವೇ, ಆಸ್ಟ್ರೋಸೈಟ್ ಮಾತ್ರ ಎಳೆಯದು ಎಂಬುದನ್ನು ಗಮನಿಸಬೇಕು. 2021ರಲ್ಲಿ ಫ್ರಾನ್ಸ್‌ನ ತಂಡವೊಂದು, ಬಲಿತ ಆಸ್ಟ್ರೋಸೈಟ್‌ಗಳಲ್ಲಿ ಕನೆಕ್ಸಿನ್ 30 ಎಂಬ ಪ್ರೋಟೀನ್ ಹೆಚ್ಚುವುದೇ ಇಲಿಯಲ್ಲಿ ಆ ಕಿಟಕಿ ಮುಚ್ಚುವ ಕಾರಣಗಳಲ್ಲಿ ಒಂದೆಂದು ತೋರಿಸಿತು; ಅದಿಲ್ಲದ ಇಲಿಗಳಲ್ಲಿ ಕಿಟಕಿ ಹೆಚ್ಚು ಕಾಲ ತೆರೆದೇ ಇತ್ತು. ಇದರಿಂದ ಮನುಷ್ಯರ ಸೋಮಾರಿ ಕಣ್ಣಿಗೆ ಯಾವ ಔಷಧಿಯೂ ಇನ್ನೂ ಬಂದಿಲ್ಲ. ಇದನ್ನು ಓದುವ ತಂದೆತಾಯಿಯರಿದ್ದರೆ, ಮಗುವನ್ನು ಶಾಲೆಗೆ ಸೇರಿಸುವ ಮೊದಲು ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ.

ಮರುಪ್ರಶ್ನೆ: ಜೀವಶಾಸ್ತ್ರ_ಪಿಯು

ತಾವೆಲ್ಲರೂ ಇಷ್ಟು ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಕೃತಜ್ಞತೆಗಳು. ಸೂಕ್ಷ್ಮದರ್ಶಿ ಸರ್ ಹೇಳಿದ ಎಚ್ಚರಿಕೆಯನ್ನು ನೆನಪಿಡುತ್ತೇನೆ. ಇನ್ನು ಮೂರು ಸಂದೇಹಗಳಿವೆ. ಇಲ್ಲಿಯವರೆಗಿನದೆಲ್ಲ ಬಹುಪಾಲು ಎಳೆಯ ಮಿದುಳಿನ ಮಾತಾಯಿತು. ಬೆಳೆದವರು ಹೊಸದನ್ನು ಕಲಿಯುವಾಗ ಗ್ಲಿಯಾಕ್ಕೆ ಪಾತ್ರವಿದೆಯೇ? ಐನ್‌ಸ್ಟೈನ್ ಅವರ ಮಿದುಳಿನಲ್ಲಿ ಗ್ಲಿಯಾ ಹೆಚ್ಚಿತ್ತು ಎಂಬ ಮಾತನ್ನು ವಿದ್ಯಾರ್ಥಿಗಳು ಖಂಡಿತ ಎತ್ತುತ್ತಾರೆ. ಅದಕ್ಕೆ ಏನು ಹೇಳಲಿ? ಮೂರನೆಯದು ಸ್ವಂತದ್ದು. ಥ್ರಾಂಬೋಸ್ಪಾಂಡಿನ್ ಬಗ್ಗೆ ಹುಡುಕುವಾಗ ಗ್ಯಾಬಾಪೆಂಟಿನ್ ಮಾತ್ರೆ ಹೊಸ ಸಿನಾಪ್ಸ್ ಕೂಡುವುದನ್ನು ತಡೆಯುತ್ತದೆ ಎಂದು ಓದಿದೆ. ಸಕ್ಕರೆ ಕಾಯಿಲೆಯಿಂದ ಬಂದ ಕಾಲುರಿಗೆ ನಮ್ಮ ತಾಯಿಯವರು ಅದನ್ನೇ ತೆಗೆದುಕೊಳ್ಳುತ್ತಿದ್ದಾರೆ. ನಿಲ್ಲಿಸಬೇಕೇ?

ಉತ್ತರ: ಕೋಶಸಂಗಾತಿ

ಕೊನೆಯದಕ್ಕೆ ಮೊದಲು. ದಯವಿಟ್ಟು ನಿಲ್ಲಿಸಬೇಡಿ. ನೀವು ಓದಿದ್ದು 2009ರ ಅಧ್ಯಯನ. ಥ್ರಾಂಬೋಸ್ಪಾಂಡಿನ್ ನರಕೋಶದ ಮೇಲೆ ಹಿಡಿದುಕೊಳ್ಳುವ ಗ್ರಾಹಕ, ಗ್ಯಾಬಾಪೆಂಟಿನ್ ಅಂಟುವ ಆಲ್ಫಾ-2-ಡೆಲ್ಟಾ-1 ಎಂಬ ಪ್ರೋಟೀನೇ ಎಂದು ಚಾಗ್ಲಾ ಎರೋಗ್ಲು ಮತ್ತು ಬ್ಯಾರೆಸ್ ತಂಡ ತೋರಿಸಿತು. ಆ ಔಷಧಿ ಹೊಸ ಸಿನಾಪ್ಸ್‌ಗಳು ಮೂಡುವುದನ್ನು ತಟ್ಟೆಯಲ್ಲೂ ಇಲಿಮರಿಗಳಲ್ಲೂ ತಡೆಯಿತು, ಆದರೆ ಆಗಲೇ ಕೂಡಿದ್ದ ಸಿನಾಪ್ಸ್‌ಗಳನ್ನು ಕರಗಿಸಲಿಲ್ಲ. ಅದನ್ನು ವಯಸ್ಸಾದವರ ಕಾಲುರಿಯ ಚಿಕಿತ್ಸೆಗೆ ನೇರವಾಗಿ ತರಲಾಗದು. ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತೊಂದರೆಗಳಾಗಬಹುದು; ನಿದ್ದೆ, ಮರೆವು, ತಲೆಸುತ್ತು ಏನಾದರೂ ಕಾಡುತ್ತಿದ್ದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಐನ್‌ಸ್ಟೈನ್ ವಿಷಯ ಬೇಗ ಮುಗಿಯುತ್ತದೆ. 1985ರಲ್ಲಿ ಮೇರಿಯನ್ ಡೈಮಂಡ್ ಮತ್ತು ಸಂಗಡಿಗರು ಅವರ ಮಿದುಳಿನ ನಾಲ್ಕು ಜಾಗಗಳ ಹೋಳುಗಳನ್ನು ಹನ್ನೊಂದು ಪುರುಷರ ಮಿದುಳುಗಳೊಂದಿಗೆ ಹೋಲಿಸಿದರು. ನಾಲ್ಕರಲ್ಲಿ ಒಂದು ಜಾಗದಲ್ಲಿ ಮಾತ್ರ ನರಕೋಶಗಳಿಗೆ ಹೋಲಿಸಿದರೆ ಗ್ಲಿಯಾ ಹೆಚ್ಚು ಎನ್ನುವಷ್ಟು ವ್ಯತ್ಯಾಸ ಸಿಕ್ಕಿತು. ಒಂದೇ ಮಿದುಳು, ಒಂದೇ ಜಾಗ. ಅದರಿಂದ ಮೇಧಾವಿತನದ ಬಗ್ಗೆ ಏನನ್ನೂ ಹೇಳಲಾಗದು. ಅದಕ್ಕಿಂತ ಕುತೂಹಲದ್ದು ಮನುಷ್ಯರ ಆಸ್ಟ್ರೋಸೈಟ್‌ಗಳ ಗಾತ್ರ: ಇಲಿಯ ಒಂದು ಆಸ್ಟ್ರೋಸೈಟ್ ಸುಮಾರು 20 ಸಾವಿರದಿಂದ 1.2 ಲಕ್ಷ ಸಿನಾಪ್ಸ್‌ಗಳನ್ನು ಆವರಿಸಿದರೆ, ಮನುಷ್ಯರದು 2.7 ಲಕ್ಷದಿಂದ 20 ಲಕ್ಷದವರೆಗೆ ಆವರಿಸುತ್ತದೆಂದು 2009ರ ಅಂದಾಜು. 2013ರಲ್ಲಿ ಮನುಷ್ಯರ ಗ್ಲಿಯಾ ಮೂಲಕೋಶಗಳನ್ನು ನವಜಾತ ಇಲಿಗಳಿಗೆ ಕಸಿ ಮಾಡಿದಾಗ, ಬೆಳೆದ ಮೇಲೆ ಆ ಇಲಿಗಳು ಕೆಲವು ಕಲಿಕೆಯ ಪರೀಕ್ಷೆಗಳಲ್ಲಿ ಉಳಿದವಕ್ಕಿಂತ ಮುಂದಿದ್ದವು.

ಬೆಳೆದವರ ಕಲಿಕೆಗೆ ಬಂದರೆ, ನಾವು ಈವರೆಗೆ ಮುಟ್ಟದ ಮೂರನೆಯ ಬಗೆಯ ಗ್ಲಿಯಾ ಇದೆ: ಆಲಿಗೋಡೆಂಡ್ರೋಸೈಟ್. ಆಕ್ಸಾನ್‌ಗಳಿಗೆ ಮಯಲಿನ್ ಎಂಬ ಕೊಬ್ಬಿನ ಪದರವನ್ನು ಸುತ್ತುವುದು ಇದೇ. ಪದರ ಸುತ್ತಿದ ಆಕ್ಸಾನ್‌ನಲ್ಲಿ ಸಂಕೇತ ಬಹಳ ವೇಗವಾಗಿ ಓಡುತ್ತದೆ, ಹಾಗಾಗಿ ಎರಡು ದೂರದ ಜಾಗಗಳಿಂದ ಹೊರಟ ಸಂಕೇತಗಳು ಮೂರನೆಯ ಕೋಶವನ್ನು ಒಂದೇ ಗಳಿಗೆಗೆ ತಲುಪಬೇಕಾದರೆ ಮಯಲಿನ್‌ನ ಹಂಚಿಕೆ ಮುಖ್ಯವಾಗುತ್ತದೆ. 2014ರಲ್ಲಿ ಲಂಡನ್‌ನಲ್ಲಿ ವಿಲಿಯಂ ರಿಚರ್ಡ್‌ಸನ್ ಅವರ ತಂಡ ಮಾಡಿದ ಪ್ರಯೋಗವನ್ನು ತರಗತಿಯಲ್ಲಿ ಹೇಳಲು ಸುಲಭ. ಓಡುವ ಚಕ್ರದ ಅಡ್ಡಪಟ್ಟಿಗಳಲ್ಲಿ ಕೆಲವನ್ನು ತೆಗೆದು ಅಂತರಗಳನ್ನು ಏರುಪೇರು ಮಾಡಿದ್ದರು. ಇಲಿ ಎಡವದೆ ಓಡಬೇಕಾದರೆ ಹೊಸದಾಗಿ ಹೆಜ್ಜೆ ಕಲಿಯಬೇಕು. ಬೆಳೆದ ಇಲಿಗಳಲ್ಲಿ ಹೊಸ ಆಲಿಗೋಡೆಂಡ್ರೋಸೈಟ್ ಹುಟ್ಟದಂತೆ ಜೀನ್ ಬದಲಿಸಿದಾಗ ಅವಕ್ಕೆ ಆ ಚಕ್ರ ಕರಗತವಾಗಲಿಲ್ಲ. ಆದರೆ ಜೀನ್ ಬದಲಿಸುವ ಮೊದಲೇ ಕಲಿತಿದ್ದ ಇಲಿಗಳು ಆಮೇಲೂ ಸಲೀಸಾಗಿ ಓಡಿದವು. ಹೊಸ ಗ್ಲಿಯಾ ಬೇಕಾದದ್ದು ಕಲಿಯುವುದಕ್ಕೆ, ಕಲಿತದ್ದನ್ನು ನೆನಪಿಸಿಕೊಳ್ಳುವುದಕ್ಕಲ್ಲ.

ಇದನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬೇಕೆಂದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಕತ್ತರಿಸಿಟ್ಟ ಮಿದುಳಿನ ಹೋಳುಗಳನ್ನು ನೋಡುವಾಗ, ಅಂಚಿನ ಬೂದು ಪಟ್ಟಿಯ ಒಳಗೆ ಹರಡಿರುವ ಬಿಳಿ ಭಾಗವನ್ನು ತೋರಿಸಿ, ಆ ಬಿಳುಪು ಆಲಿಗೋಡೆಂಡ್ರೋಸೈಟ್‌ಗಳು ಸುತ್ತಿದ ಮಯಲಿನ್‌ನಿಂದ ಬಂದದ್ದೆಂದು ಹೇಳಬಹುದು, ಸೂಕ್ಷ್ಮದರ್ಶಕವೇ ಬೇಕಿಲ್ಲ. ಗುಂಪಾಗಿ ಹೋಗುವುದಾದರೆ ಭೇಟಿಯ ದಿನ ಮತ್ತು ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.